ಮಕ್ಕಳು ಮತ್ತು ಕುಟುಂಬಗಳ ಜೊತೆ ಕೆಲಸ ಮಾಡಬೇಕೆಂದಿದ್ದೀರಾ? ಏನು ಓದಬೇಕು, ಎಲ್ಲಿ ಎಡವುತ್ತಾರೆ

"ಪಿಯುಸಿಯಲ್ಲಿ ಆರ್ಟ್ಸ್ ತಗೊಂಡಿದ್ದೀನಿ, ಮಕ್ಕಳ ಕೌನ್ಸೆಲರ್ ಆಗಬಹುದಾ?" "ಬಿಕಾಂ ಮುಗಿದಿದೆ, ಈಗ ಎಂಎಸ್‌ಡಬ್ಲ್ಯೂಗೆ ಸೇರಬಹುದಾ?" "ಮೂರು ತಿಂಗಳ ಕೌನ್ಸೆಲಿಂಗ್ ಸರ್ಟಿಫಿಕೇಟ್ ಸಾಕಾಗುತ್ತಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲ ಎರಡಕ್ಕೆ ಉತ್ತರ ಹೌದು, ಮೂರನೆಯದಕ್ಕೆ ಇಲ್ಲ. ಆದರೆ ನಿಜವಾದ ತೊಡಕು ಬೇರೆ ಕಡೆ ಇದೆ. ಹೆಚ್ಚಿನವರು ಕೋರ್ಸನ್ನು ಮೊದಲು ಆರಿಸಿಕೊಂಡು, ಅದರಿಂದ ಯಾವ ಕೆಲಸ ಸಿಗುತ್ತದೆ ಎಂದು ಎರಡು ವರ್ಷ ಕಳೆದ ಮೇಲೆ ಹುಡುಕುತ್ತಾರೆ. ಈ ಕ್ಷೇತ್ರದಲ್ಲಿ ಒಂದೊಂದು ಹುದ್ದೆಗೂ ಒಂದೊಂದು ಕಾಯ್ದೆ, ಒಂದೊಂದು ನೋಂದಣಿ ಇರುವುದರಿಂದ ಆಮೇಲೆ ದಾರಿ ಬದಲಿಸುವುದು ದುಬಾರಿ. ಹಾಗಾಗಿ ಕೆಲಸದಿಂದ ಶುರುಮಾಡಿ ಓದಿನ ಕಡೆಗೆ ಬರೋಣ.

1. ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

"ಮಕ್ಕಳ ಜೊತೆ ಕೆಲಸ" ಎಂಬ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ವೃತ್ತಿಗಳಿವೆ.

ಮಕ್ಕಳ ರಕ್ಷಣೆ: ಮನೆ ಬಿಟ್ಟು ಬಂದ ಮಗು, ಬಾಲಕಾರ್ಮಿಕ, ದೌರ್ಜನ್ಯಕ್ಕೆ ಒಳಗಾದ ಮಗು, ಪೋಷಕರನ್ನು ಕಳೆದುಕೊಂಡ ಮಗು ಇವರ ಜೊತೆಗಿನ ಕೆಲಸ. ಪ್ರತಿ ಜಿಲ್ಲೆಯಲ್ಲೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇರುತ್ತದೆ. ಸರ್ಕಾರಿ ಬಾಲಮಂದಿರ, 1098 ಸಹಾಯವಾಣಿ, ಸ್ವಯಂಸೇವಾ ಸಂಸ್ಥೆಗಳ ಕೆಲಸವೂ ಇದರ ಸುತ್ತಲೇ. ಇಲ್ಲಿ ನಡೆಯುವ ಓದು ಮುಖ್ಯವಾಗಿ ಸಮಾಜಕಾರ್ಯ, ಅಂದರೆ ಪದವಿಯಲ್ಲಿ ಬಿಎಸ್‌ಡಬ್ಲ್ಯೂ, ಸ್ನಾತಕೋತ್ತರದಲ್ಲಿ ಎಂಎಸ್‌ಡಬ್ಲ್ಯೂ.

ಮಾನಸಿಕ ಆರೋಗ್ಯ: ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಶಾಲಾ ಕೌನ್ಸೆಲರ್. ಇವು ಮೂರೂ ಒಂದೇ ಎಂದುಕೊಳ್ಳಬೇಡಿ. ಮೊದಲ ಎರಡಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ವಿದ್ಯಾರ್ಹತೆಯ ವ್ಯಾಖ್ಯಾನವಿದೆ.

ಬೆಳವಣಿಗೆ ಮತ್ತು ಅಂಗವೈಕಲ್ಯ: ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಬೆಳವಣಿಗೆ ತಡವಾದ ಮಕ್ಕಳ ಜೊತೆ ಚಿಕ್ಕ ವಯಸ್ಸಿನಲ್ಲೇ ಕೆಲಸ ಮಾಡುವವರು. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಕಡ್ಡಾಯ. ವಾಕ್ ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರುವಾಸಿ.

ಪೋಷಣೆ ಮತ್ತು ಶಿಶು ಅಭಿವೃದ್ಧಿ: ಅಂಗನವಾಡಿ ವ್ಯವಸ್ಥೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕರ್ನಾಟಕದ ಮೊದಲ ಪ್ರಯೋಗ ನಡೆದದ್ದು ತಿ. ನರಸೀಪುರದಲ್ಲಿ. ಮೇಲ್ವಿಚಾರಕಿ ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಜನ ಸಿಡಿಪಿಒ ಎನ್ನುವ ಹುದ್ದೆ, ಇದರ ಮೆಟ್ಟಿಲುಗಳು. ಗೃಹವಿಜ್ಞಾನ, ಮಾನವ ಅಭಿವೃದ್ಧಿ, ಸಮಾಜಕಾರ್ಯ ಓದಿದವರಿಗೆ ಇಲ್ಲಿನ ಕೆಲಸ ಬೇಗ ಒಗ್ಗುತ್ತದೆ.

ಅರ್ಜಿ ಹಾಕುವ ಮುನ್ನ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೋ ಹತ್ತಿರದ ಅಂಗನವಾಡಿಗೋ ಹೋಗಿ ಅಲ್ಲಿನವರ ಜೊತೆ ಅರ್ಧ ಗಂಟೆ ಮಾತಾಡಿ. "ನಿಮ್ಮ ನಿನ್ನೆಯ ದಿನ ಹೇಗೆ ಕಳೆಯಿತು?" ಎಂದು ಕೇಳಿ. ಕೆಲಸದಲ್ಲಿ ಮಕ್ಕಳ ಜೊತೆ ಎಷ್ಟು ಹೊತ್ತು, ಕಡತದ ಜೊತೆ ಎಷ್ಟು ಹೊತ್ತು ಎಂಬುದು ಆ ಒಂದು ಉತ್ತರದಲ್ಲೇ ಗೊತ್ತಾಗುತ್ತದೆ.

2. ಪಿಯುಸಿ ಮತ್ತು ಪದವಿ

ಬಿಎಸ್‌ಡಬ್ಲ್ಯೂಗೆ ಯಾವ ವಿಭಾಗದ ಪಿಯುಸಿಯಾದರೂ ಆಗುತ್ತದೆ. ಕರ್ನಾಟಕದಲ್ಲಿ 2024–25ರಿಂದ ಸಾಮಾನ್ಯ ಪದವಿಗಳು ಮತ್ತೆ ಮೂರು ವರ್ಷಕ್ಕೆ ಬಂದಿವೆ. ಬಿಎಸ್‌ಡಬ್ಲ್ಯೂ ಮಾಡದಿದ್ದರೂ ನಷ್ಟವಿಲ್ಲ. ಎಂಎಸ್‌ಡಬ್ಲ್ಯೂಗೆ ಬಹುತೇಕ ವಿಶ್ವವಿದ್ಯಾಲಯಗಳು ಯಾವುದೇ ಪದವಿಯನ್ನು ಒಪ್ಪುತ್ತವೆ. ಬಿಕಾಂ, ಬಿಎಸ್ಸಿ ಮಾಡಿದವರೂ ಸೇರಬಹುದು. ಆದರೆ ಸೈಕಾಲಜಿಯ ದಾರಿ ಹಾಗಲ್ಲ. ಕ್ಲಿನಿಕಲ್ ಸೈಕಾಲಜಿಯ ಗುರಿ ಇದ್ದರೆ ಪದವಿಯಲ್ಲೇ ಸೈಕಾಲಜಿಯನ್ನು ಒಂದು ಮುಖ್ಯ ವಿಷಯವಾಗಿ ಓದಿರಿ. ಆಮೇಲೆ ಸೇರಿಸಿಕೊಳ್ಳೋಣ ಎಂದುಕೊಂಡವರು ಸ್ನಾತಕೋತ್ತರ ಪ್ರವೇಶದ ಬಾಗಿಲಲ್ಲೇ ನಿಂತುಬಿಡುತ್ತಾರೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಎಂಬ ವಿಭಾಗವೇ ಇದೆ. ಹೆಸರು ಕೇಳಿದವರೇ ಕಡಿಮೆ. ಮಗುವಿನ ಬೆಳವಣಿಗೆಯನ್ನು ಹುಟ್ಟಿನಿಂದ ಹದಿಹರೆಯದವರೆಗೆ ವ್ಯವಸ್ಥಿತವಾಗಿ ಓದಬೇಕೆನ್ನುವವರು ಇದನ್ನು ಖಂಡಿತ ನೋಡಬೇಕು.

3. ಸ್ನಾತಕೋತ್ತರ: ಕಾಲೇಜಿನ ಹೆಸರಿಗಿಂತ ಈ ನಾಲ್ಕನ್ನು ವಿಚಾರಿಸಿ

ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದ ಮೂಲಕ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೂ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೂ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಟಾಟಾ ಸಂಸ್ಥೆ 1936ರಲ್ಲಿ ಆರಂಭವಾದದ್ದು. ಮಕ್ಕಳು ಮತ್ತು ಕುಟುಂಬಗಳ ಜೊತೆಗಿನ ಸಮಾಜಕಾರ್ಯ ಎಂಬ ಪ್ರತ್ಯೇಕ ವಿಶೇಷ ವಿಷಯ ಅಲ್ಲಿದೆ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳಿವೆ.

ವಿಚಾರಿಸಬೇಕಾದ ಮೊದಲನೆಯದು, ಎರಡನೇ ವರ್ಷದಲ್ಲಿ ಯಾವ ವಿಶೇಷ ವಿಷಯಗಳಿವೆ ಎಂಬುದು. ಅನೇಕ ಕಾಲೇಜುಗಳಲ್ಲಿ ಮಾನವ ಸಂಪನ್ಮೂಲ ಮತ್ತು ಸಮುದಾಯ ಅಭಿವೃದ್ಧಿ ಮಾತ್ರ ಇರುತ್ತವೆ. ಮಾನವ ಸಂಪನ್ಮೂಲ ಓದಿದವರು ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೆ ಹೋಗುತ್ತಾರೆ, ಬಾಲಮಂದಿರಕ್ಕಲ್ಲ. ನಿಮಗೆ ಬೇಕಾದದ್ದು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಇಲ್ಲವೇ ಕುಟುಂಬ ಮತ್ತು ಮಕ್ಕಳ ಕಲ್ಯಾಣ. ಎರಡನೆಯದು, ಕ್ಷೇತ್ರಕಾರ್ಯಕ್ಕೆ, ಅಂದರೆ ಓದಿನ ಭಾಗವಾಗಿ ಹೊರಗೆ ಮಾಡುವ ಪ್ರಾಯೋಗಿಕ ಕೆಲಸಕ್ಕೆ, ಕಳಿಸುವ ಸಂಸ್ಥೆಗಳ ಪಟ್ಟಿ. ಅದರಲ್ಲಿ ಮಕ್ಕಳ ಸಂಸ್ಥೆಗಳು ಎಷ್ಟಿವೆ ಎಂದು ಎಣಿಸಿ. ಮೂರನೆಯದು, ಕ್ಷೇತ್ರಕಾರ್ಯದ ವರದಿಯನ್ನು ಅಧ್ಯಾಪಕರು ಪ್ರತಿ ವಾರ ಓದಿ ವಿದ್ಯಾರ್ಥಿಯ ಜೊತೆ ಕೂತು ಮಾತಾಡುತ್ತಾರೋ, ಸೆಮಿಸ್ಟರ್ ಕೊನೆಗೆ ಒಟ್ಟಿಗೆ ಸಹಿ ಹಾಕುತ್ತಾರೋ ಎಂಬುದು. ಇದನ್ನು ಸೀನಿಯರ್‌ಗಳನ್ನೇ ಕೇಳಿ. ಕಾಲೇಜಿನ ಕೈಪಿಡಿಯಲ್ಲಿ ಇರುವುದಿಲ್ಲ. ನಾಲ್ಕನೆಯದು, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದು. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಅವಕಾಶವಿದೆ. ಕನ್ನಡ ಮಾಧ್ಯಮದವರು ಹಿಂಜರಿಯುವ ಅಗತ್ಯವೇ ಇಲ್ಲ. ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡುವ ಮಕ್ಕಳ ಕಲ್ಯಾಣ ಸಮಿತಿಗೆ ಕೊಡುವ ವರದಿಯನ್ನು ಕನ್ನಡದಲ್ಲಿ ಚೊಕ್ಕವಾಗಿ ಬರೆಯಬಲ್ಲವರಿಗೆ ಜಿಲ್ಲೆಗಳಲ್ಲಿ ಬಹಳ ಬೆಲೆ ಇದೆ.

ಎಚ್ಚರಿಕೆ: 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಹೇಳಿದೆ. ಆಹಾರ ಮತ್ತು ಪೋಷಣೆಯ ಕೋರ್ಸ್‌ಗಳಿಗೂ ಇದೇ ಮಾತು. "ಮನೆಯಲ್ಲೇ ಕೂತು ಸೈಕಾಲಜಿಯಲ್ಲಿ ಎಂಎ" ಎಂಬ ಜಾಹೀರಾತು ಕಂಡರೆ ಹಣ ಕಟ್ಟುವ ಮುನ್ನ ಯುಜಿಸಿಯ ಜಾಲತಾಣದಲ್ಲಿ ನೋಡಿ.

ಇನ್ನೊಂದು ಎಚ್ಚರಿಕೆ ಎಂಫಿಲ್ ಬಗ್ಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತ ಆಗಲು ಸ್ನಾತಕೋತ್ತರದ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು ಎಂಬುದು ಈವರೆಗಿನ ಕ್ರಮ. ಬೆಂಗಳೂರಿನ ನಿಮ್ಹಾನ್ಸ್ ಎರಡನ್ನೂ ನಡೆಸುತ್ತಾ ಬಂದಿದೆ. 2022ರ ಯುಜಿಸಿ ನಿಯಮದಲ್ಲಿ ಎಂಫಿಲ್ ಪದವಿಯೇ ರದ್ದಾಯಿತು; ಈ ಎರಡು ವಿಷಯಗಳಿಗೆ ಮಾತ್ರ 2025–26ರವರೆಗಿನ ಪ್ರವೇಶಕ್ಕೆ ವಿನಾಯಿತಿ ಸಿಕ್ಕಿತು. ಹಾಗಾಗಿ ಸೀನಿಯರ್ ಹೇಳಿದ ದಾರಿ ನಿಮ್ಮ ವರ್ಷಕ್ಕೆ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ, ಆ ವರ್ಷದ ಪ್ರವೇಶ ಅಧಿಸೂಚನೆಯನ್ನೇ ಓದಿ. ಕ್ಲಿನಿಕಲ್ ಸೈಕಾಲಜಿ ಮತ್ತು ವಿಶೇಷ ಶಿಕ್ಷಣದ ಯಾವ ಕೋರ್ಸಾದರೂ ಆ ಕಾಲೇಜು ಆ ಸಾಲಿಗೆ ಆರ್‌ಸಿಐ ಮಾನ್ಯತೆ ಪಡೆದಿದೆಯೇ ಎಂದು ಆರ್‌ಸಿಐ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ. ಮಾನ್ಯತೆ ಇಲ್ಲದ ಕೋರ್ಸ್ ಮುಗಿಸಿದರೆ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಬರುವುದಿಲ್ಲ; ಹೆಸರಿಲ್ಲದೆ ಆ ವೃತ್ತಿ ಮಾಡುವುದು 1992ರ ಆರ್‌ಸಿಐ ಕಾಯ್ದೆಯಡಿ ಅಪರಾಧ.

ಶುಲ್ಕದ ವಿಷಯದಲ್ಲಿ ಒಂದೇ ಮಾತು: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕುವ ಮೊದಲೇ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಅರ್ಜಿ ಮಂಜೂರಾಗಿಯೂ ಹಣ ಬಾರದಿರುವುದಕ್ಕೆ ಇದು ಸಾಮಾನ್ಯ ಕಾರಣ.

4. ಕ್ಷೇತ್ರಕಾರ್ಯ: ನಿಜವಾದ ಕಲಿಕೆ ಇಲ್ಲಿದೆ

ಎಂಎಸ್‌ಡಬ್ಲ್ಯೂನ ನಾಲ್ಕೂ ಸೆಮಿಸ್ಟರ್‌ಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ವಿದ್ಯಾರ್ಥಿಗಳು ಒಂದು ಸಂಸ್ಥೆಯಲ್ಲೋ ಹಳ್ಳಿಯಲ್ಲೋ ಕೆಲಸ ಮಾಡುತ್ತಾರೆ. ಗ್ರಾಮೀಣ ಶಿಬಿರ ಇರುತ್ತದೆ. ಕೊನೆಗೆ ಸುಮಾರು ಒಂದು ತಿಂಗಳು ಒಂದೇ ಕಡೆ ಪೂರ್ಣಾವಧಿ ಇರುವ ಬ್ಲಾಕ್ ಪ್ಲೇಸ್‌ಮೆಂಟ್ ಬರುತ್ತದೆ. ಇದನ್ನು ಹಾಜರಾತಿಗೆಂದು ಮುಗಿಸಿದವರು ಮತ್ತು ಮನಸ್ಸಿಟ್ಟು ಮಾಡಿದವರ ನಡುವಿನ ವ್ಯತ್ಯಾಸ ಸಂದರ್ಶನದ ಮೊದಲ ಐದು ನಿಮಿಷದಲ್ಲಿ ಕಾಣುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ವಂಶವೃಕ್ಷ ಬರೆಯಲು ಕಲಿಯಿರಿ. ಸಮಾಜಕಾರ್ಯದಲ್ಲಿ ಇದಕ್ಕೆ ಜೀನೋಗ್ರಾಂ ಎನ್ನುತ್ತಾರೆ: ಒಂದು ಕುಟುಂಬದ ಮೂರು ತಲೆಮಾರನ್ನು ಒಂದೇ ಹಾಳೆಯಲ್ಲಿ ತೋರಿಸುವ ನಕ್ಷೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ನೀವು ಯಾರಿಗಾಗಿ ಕೆಲಸ ಮಾಡುತ್ತಿದ್ದೀರೋ ಆ ಮಗುವಿಗೆ ಜೋಡಿ ಗೆರೆಯ ಅಂಚು. ತೀರಿಕೊಂಡವರ ಚಿಹ್ನೆಯೊಳಗೆ X ಗುರುತು. ಮದುವೆಗೆ ಅಡ್ಡ ಗೆರೆ; ಬೇರೆ ಇದ್ದರೆ ಅದರ ಮೇಲೆ ಒಂದು ಓರೆ ಗೀಟು, ವಿಚ್ಛೇದನವಾಗಿದ್ದರೆ ಎರಡು. ಮದುವೆಯ ಗೆರೆಯೇ ಜೋಡಿಯಾಗಿದ್ದರೆ ರಕ್ತಸಂಬಂಧದ ಮದುವೆ ಎಂದರ್ಥ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆಯಾಗುವ ನಮ್ಮ ಕಡೆ ಈ ಗುರುತು ಬಹಳ ಬೇಕಾಗುತ್ತದೆ. ಮಾವನೂ ಗಂಡನೂ ಒಬ್ಬನೇ ಆದಾಗ ತವರಿನ ಆಸರೆ ಯಾವ ಕಡೆಯಿಂದ ಬರುತ್ತದೆ, ಬರುವುದಿಲ್ಲ ಎಂಬುದು ಚಿತ್ರದಲ್ಲಿ ತಕ್ಷಣ ಕಾಣುತ್ತದೆ.

ಎರಡನೆಯ ನಕ್ಷೆ ಇಕೋಮ್ಯಾಪ್. ನಡುವಿನ ವೃತ್ತದಲ್ಲಿ ಕುಟುಂಬ, ಸುತ್ತಲಿನ ವೃತ್ತಗಳಲ್ಲಿ ಅಂಗನವಾಡಿ, ಶಾಲೆ, ನ್ಯಾಯಬೆಲೆ ಅಂಗಡಿ, ಸ್ತ್ರೀಶಕ್ತಿ ಸಂಘ, ಆಶಾ ಕಾರ್ಯಕರ್ತೆ, ಸಾಲ ಕೊಟ್ಟವರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ತೆಳುವಾದದ್ದಕ್ಕೆ ಚುಕ್ಕಿ ಗೆರೆ, ತಿಕ್ಕಾಟಕ್ಕೆ ಅಂಕುಡೊಂಕು ಗೆರೆ. ಯಾರಿಂದ ಯಾರ ಕಡೆಗೆ ನೆರವು ಹರಿಯುತ್ತಿದೆ ಎಂಬುದಕ್ಕೆ ಬಾಣ. ಹದಿನೈದು ನಿಮಿಷದ ಕೆಲಸ. ಎಲ್ಲ ಬಾಣಗಳೂ ಮನೆಯಿಂದ ಹೊರಕ್ಕೇ ಹೋಗುತ್ತಿದ್ದರೆ ತಾಯಿ ಯಾಕೆ ಸಿಡುಕುತ್ತಾಳೆ ಎಂದು ಕೇಳುವ ಅಗತ್ಯ ಬೀಳುವುದಿಲ್ಲ.

ಕಂಡದ್ದನ್ನು ಬರೆಯಿರಿ, ತೀರ್ಪನ್ನಲ್ಲ. ವಿದ್ಯಾರ್ಥಿಗಳ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. "ತಂದೆ ಕುಡುಕ, ತಾಯಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲ" ಎಂದು ಬರೆದರೆ ಅದು ಸಮಿತಿಯ ಕಡತಕ್ಕೆ ಸೇರಿ ಆ ಕುಟುಂಬದ ಬೆನ್ನು ಹತ್ತುತ್ತದೆ. ಅದನ್ನೇ ಹೀಗೆ ಬರೆಯಬಹುದು: "ಭಾನುವಾರ ಬೆಳಗ್ಗೆ 11ಕ್ಕೆ ಮನೆಗೆ ಹೋದಾಗ ತಂದೆಯ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು. ವಾರಕ್ಕೆ ನಾಲ್ಕು ದಿನ ಕುಡಿಯುತ್ತಾರೆ ಎಂದು ತಾಯಿ ತಿಳಿಸಿದರು. ತಾಯಿ ವಾರದ ಆರು ದಿನ ಬೆಳಗ್ಗೆ 7ಕ್ಕೆ ಗಾರ್ಮೆಂಟ್ಸ್‌ಗೆ ಹೊರಟು ಸಂಜೆ 7ಕ್ಕೆ ಮರಳುತ್ತಾರೆ. ಆ ಹೊತ್ತಿನಲ್ಲಿ ಮಗು ಪಕ್ಕದ ಮನೆಯ ಅಜ್ಜಿಯ ಬಳಿ ಇರುತ್ತದೆ." ಮೊದಲ ಬರಹದಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಎರಡನೆಯದರಲ್ಲಿ ಆ ಅಜ್ಜಿ ಇದ್ದಾರೆ, ಮಾತಾಡಲು ಒಂದು ಭಾನುವಾರ ಇದೆ. ನೀವು ನೋಡಿದ್ದು, ಅವರು ಹೇಳಿದ್ದು, ನಿಮಗೆ ಅನಿಸಿದ್ದು ಈ ಮೂರನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಡಿ. ವರದಿಯನ್ನು ಅದೇ ದಿನ ರಾತ್ರಿ ಬರೆಯಿರಿ. ಎರಡು ದಿನ ಬಿಟ್ಟರೆ ಅವರ ಮಾತು ಹೋಗಿ ನಿಮ್ಮ ಮಾತು ಉಳಿದಿರುತ್ತದೆ.

ಮಗುವಿನ ಜೊತೆ ಮಾತಾಡುವಾಗ ಉತ್ತರವನ್ನು ನೀವೇ ಬಾಯಿಗಿಡಬೇಡಿ. "ಮಾವ ಹೊಡೆದ್ರಾ?" ಎಂಬ ಪ್ರಶ್ನೆಗೆ ಮಗು ಹೌದು ಎನ್ನಬಹುದು, ನಿಮಗೆ ಅದು ಬೇಕು ಅನ್ನಿಸಿದ್ದಕ್ಕೆ. "ಆಮೇಲೆ ಏನಾಯ್ತು ಪುಟ್ಟಾ?" ಎಂದಷ್ಟೇ ಕೇಳಿ ಸುಮ್ಮನಿರಿ. ಮೌನವನ್ನು ತಡೆದುಕೊಳ್ಳುವುದು ಕಲಿಯಬೇಕಾದ ಕೌಶಲ. "ಯಾರಿಗೂ ಹೇಳಲ್ಲ, ನನಗೆ ಮಾತ್ರ ಹೇಳು" ಎಂದು ಎಂದೂ ಮಾತು ಕೊಡಬೇಡಿ. ಯಾಕೆಂದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಂತೆ ನೀವು ಪೊಲೀಸರಿಗೆ ತಿಳಿಸಲೇಬೇಕು. ಕೊಟ್ಟ ಮಾತು ಮುರಿದರೆ ಆ ಮಗು ಇನ್ನೊಬ್ಬ ದೊಡ್ಡವರನ್ನು ನಂಬುವುದು ಕಷ್ಟ. ಬದಲಿಗೆ, "ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲೇ ಹೇಳ್ತೀನಿ" ಎನ್ನಿ. ಮಗು ಒಮ್ಮೆ ಹೇಳಿದ್ದನ್ನು ಕುತೂಹಲಕ್ಕೆ, ವರದಿ ತುಂಬಿಸುವುದಕ್ಕೆ ಮತ್ತೆ ಹೇಳಿಸಬೇಡಿ.

ಮನೆಗೆ ಹೋದಾಗ ಹಾಸಿದ ಚಾಪೆಯ ಮೇಲೆ ಕೂರಿ, ಕೊಟ್ಟ ನೀರು ಕುಡಿಯಿರಿ. ಹೆಂಗಸರನ್ನು ಆ ಊರಿನ ರೂಢಿಯಂತೆ ಅಮ್ಮ, ಅಕ್ಕ, ಉತ್ತರದ ಕಡೆಯಾದರೆ ಅಕ್ಕಾರ ಎಂದು ಕರೆಯಿರಿ. ಮಗುವಿನ ಮುಂದೆ ತಾಯಿಗೆ ಬುದ್ಧಿ ಹೇಳಬೇಡಿ. ಮೊಬೈಲ್ ತೆಗೆದು ಫೋಟೊ ಹಿಡಿಯಲೇಬೇಡಿ: ರಕ್ಷಣೆ ಬೇಕಾದ ಮಗುವಿನ ಗುರುತು ಬಯಲಾಗುವಂತೆ ಮಾಡುವುದು ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರಡಿ ಶಿಕ್ಷಾರ್ಹ. ಮುಖ ಮಸುಕು ಮಾಡಿ ಸ್ಟೇಟಸ್‌ಗೆ ಹಾಕಿದ್ದೂ ಊರಿನ ಹೆಸರು, ಶಾಲೆಯ ಬೋರ್ಡು ಕಂಡರೆ ಗುರುತೇ.

ಸಂಸ್ಥೆ ನಿಮ್ಮನ್ನು ಕಂಪ್ಯೂಟರ್ ಮುಂದೆ ಕೂರಿಸಿ ಅಂಕಿಅಂಶ ತುಂಬಿಸುತ್ತಿದ್ದರೆ ಮೂರನೇ ವಾರದೊಳಗೆ ನಿಮ್ಮ ಅಧ್ಯಾಪಕರಿಗೆ ಬರವಣಿಗೆಯಲ್ಲಿ ತಿಳಿಸಿ. ಸೆಮಿಸ್ಟರ್ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

5. ಈ ಕಾಯ್ದೆಗಳನ್ನು ಗೈಡಿನಲ್ಲಲ್ಲ, ಮೂಲದಲ್ಲಿ ಓದಿ

2015ರ ಬಾಲ ನ್ಯಾಯ ಕಾಯ್ದೆ ಮೊದಲು. ಅದರಲ್ಲಿ ಮಕ್ಕಳು ಎರಡು ಗುಂಪು: ಪಾಲನೆ ಮತ್ತು ರಕ್ಷಣೆ ಬೇಕಾದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತಾರೆ, ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದವರು ಬಾಲ ನ್ಯಾಯ ಮಂಡಳಿಯ ಮುಂದೆ. ಸಂದರ್ಶನದಲ್ಲಿ ಇವೆರಡನ್ನು ಅದಲುಬದಲು ಮಾಡಿದವರಿಗೆ ಎರಡನೇ ಪ್ರಶ್ನೆ ಬರುವುದೇ ಕಷ್ಟ. ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ. ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆಯ ವರದಿ 15 ದಿನದೊಳಗೆ ಆಗಬೇಕು. 2016ರ ಮಾದರಿ ನಿಯಮಗಳಲ್ಲಿ ಈ ವರದಿಯ ನಮೂನೆ 22, ಪ್ರತಿ ಮಗುವಿನ ಪಾಲನಾ ಯೋಜನೆಯ ನಮೂನೆ 7. ಈ ಎರಡು ನಮೂನೆಗಳನ್ನು ಮುದ್ರಿಸಿಕೊಂಡು, ಕಲ್ಪಿತ ಮಗುವೊಂದರ ವಿವರ ತುಂಬಿ ಅಭ್ಯಾಸ ಮಾಡಿ.

ಜೊತೆಗೆ 2012ರ ಪೋಕ್ಸೊ ಮತ್ತು ಅದರ 2020ರ ನಿಯಮಗಳು, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, 2009ರ ಶಿಕ್ಷಣ ಹಕ್ಕು ಕಾಯ್ದೆ. ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕದ ತಿದ್ದುಪಡಿಯನ್ನೂ ಓದಲೇಬೇಕು. ಕೇಂದ್ರ ಕಾಯ್ದೆಯಲ್ಲಿ ಅಂಥ ಮದುವೆ ಸಾಮಾನ್ಯವಾಗಿ ರದ್ದುಪಡಿಸಬಹುದಾದದ್ದು; ನಮ್ಮ ರಾಜ್ಯದಲ್ಲಿ ಅದು ಆರಂಭದಿಂದಲೇ ಅಸಿಂಧು. ಕೇಂದ್ರದ ಪಠ್ಯ ಮಾತ್ರ ಓದಿದವರು ಹೆಣ್ಣುಮಗುವಿನ ಮನೆಯವರಿಗೆ ತಪ್ಪು ಮಾಹಿತಿ ಕೊಡುತ್ತಾರೆ.

ಅಂಗನವಾಡಿ ಕಡೆ ಹೋಗುವವರು ಬೆಳವಣಿಗೆಯ ಅಳತೆಗಳನ್ನು ಕೈಯಿಂದ ಮಾಡಿ ಕಲಿಯಿರಿ. 6 ತಿಂಗಳಿಂದ 59 ತಿಂಗಳ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಇದ್ದರೆ ಮಧ್ಯಮ. ಪಟ್ಟಿ ಬಿಗಿಯಾಗಿ ಎಳೆದರೆ ಅಳತೆ ಕಡಿಮೆ ತೋರಿಸುತ್ತದೆ, ಸಡಿಲ ಬಿಟ್ಟರೆ ಹೆಚ್ಚು. ಎಡ ತೋಳು, ಭುಜದ ತುದಿ ಮತ್ತು ಮೊಣಕೈಯ ನಡುವಿನ ಬಿಂದು, ಕೈ ಇಳಿಬಿಟ್ಟಿರಬೇಕು.

6. ಕೆಲಸಕ್ಕೆ ಅರ್ಜಿ

ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಹುದ್ದೆಗಳು ಹೆಚ್ಚಿನವು ಗುತ್ತಿಗೆಯವು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ರಕ್ಷಣಾಧಿಕಾರಿಗೆ ತಿಂಗಳಿಗೆ 27,804 ರೂಪಾಯಿ, ಆಪ್ತಸಮಾಲೋಚಕರಿಗೂ ಸಮಾಜಕಾರ್ಯಕರ್ತರಿಗೂ 18,536, ಕ್ಷೇತ್ರ ಕಾರ್ಯಕರ್ತರಿಗೆ 10,592. ಕೆಲಸದ ಭಾರಕ್ಕೆ ಇದು ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಕ್ಕಳ ಜವಾಬ್ದಾರಿ ಹೊತ್ತವರಿಗೆ ಇಷ್ಟು ಕಡಿಮೆ ಕೊಡುವುದು ಮಕ್ಕಳಿಗೇ ಮಾಡುವ ಅನ್ಯಾಯ. ಆದರೂ ಮೊದಲ ಎರಡು ವರ್ಷ ಇಲ್ಲಿ ಕಲಿಯುವುದನ್ನು ಬೇರೆಲ್ಲೂ ಕಲಿಯಲಾಗದು. ಆದ್ದರಿಂದ ಸಂಬಳದ ಲೆಕ್ಕವನ್ನು ಮನೆಯವರ ಜೊತೆ ಮೊದಲೇ ಮಾತಾಡಿ, ಊರಲ್ಲೇ ಅಥವಾ ಹತ್ತಿರದ ಜಿಲ್ಲೆಯಲ್ಲೇ ಅರ್ಜಿ ಹಾಕಿ. ಬಾಡಿಗೆ ಉಳಿದರೆ ಈ ಸಂಬಳದಲ್ಲಿ ನಿಲ್ಲಬಹುದು.

ಇನ್ನು ಕಡಿಮೆ ಜನ ನೋಡುವ ಎರಡು ಜಾಗಗಳಿವೆ. ಒಂದು, ಜಿಲ್ಲಾಸ್ಪತ್ರೆಗಳಲ್ಲಿರುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆ ತಡವಾದ ಮಕ್ಕಳು ಇಲ್ಲಿಗೆ ಬರುತ್ತಾರೆ. ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು, ಸಮಾಜಕಾರ್ಯಕರ್ತರು ಒಂದೇ ತಂಡದಲ್ಲಿ ಇರಬೇಕಾದ ಜಾಗ ಅದು. ಎರಡು, ಕೌಟುಂಬಿಕ ನ್ಯಾಯಾಲಯಗಳು. 1984ರ ಕಾಯ್ದೆಯಲ್ಲೇ ಆಪ್ತಸಮಾಲೋಚಕರಿಗೆ ಅವಕಾಶವಿದೆ, ಅಪ್ಪ-ಅಮ್ಮ ಬೇರೆಯಾಗುವಾಗ ಮಗುವಿನ ಮಾತು ಕೇಳುವವರು ಅಲ್ಲಿ ಬೇಕು.

ಅರ್ಜಿಯ ಜೊತೆ ಇವಿಷ್ಟು ಸಿದ್ಧವಿರಲಿ: ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಕ್ಷೇತ್ರಕಾರ್ಯದ ಸಂಸ್ಥೆಗಳು ದಿನಾಂಕ ಸಮೇತ ಕೊಟ್ಟ ಪ್ರಮಾಣಪತ್ರ, ಪೊಲೀಸ್ ಪರಿಶೀಲನಾ ಪತ್ರ, ಹೆಸರು ಮತ್ತು ಗುರುತು ತೆಗೆದ ಒಂದೆರಡು ಪ್ರಕರಣ ವರದಿ. ಹೆಸರು ಬದಲಿಸಿ ಊರು, ಶಾಲೆ, ತಂದೆಯ ಕೆಲಸ ಹಾಗೇ ಬಿಟ್ಟರೆ ಗುರುತು ತೆಗೆದಂತಾಗುವುದಿಲ್ಲ. ಸಂದರ್ಶಕರು ಮೊದಲು ನೋಡುವುದು ಅದನ್ನೇ.

ಕೆಲಸಕ್ಕೆ ಸೇರಿದ ದಿನ ನಿಮ್ಮ ವರದಿಗಳನ್ನು ಯಾರು ಓದುತ್ತಾರೆ, ಕಷ್ಟದ ಪ್ರಕರಣ ಬಂದಾಗ ಯಾರ ಜೊತೆ ಮಾತಾಡಬಹುದು ಎಂದು ಕೇಳಿ. ಯಾರೂ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಹಳೆಯ ಕ್ಷೇತ್ರಕಾರ್ಯದ ಮೇಲ್ವಿಚಾರಕರನ್ನೋ ಹಿರಿಯ ಸಹೋದ್ಯೋಗಿಯನ್ನೋ ಒಪ್ಪಿಸಿ, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಗೊತ್ತುಮಾಡಿಕೊಳ್ಳಿ. ರಾತ್ರಿ ನಿದ್ದೆ ಬಾರದೆ ಅದೇ ಮಗುವಿನ ಮುಖ ಕಣ್ಣಮುಂದೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.